ಹನ್ನೆರಡು ತಲೆಗಳ ಕಾವಲುಗಾರ

ಲೆಕ್ಕ ಅಂದರೆ ನಾನು, ನಾನು ಅಂದರೆ ಲೆಕ್ಕ! ಗೋದಾಮಿನ ಉಸ್ತುವಾರಿ ನನ್ನ ಕೈಗೆ ಬಂದ ಮೇಲೆ ಒಂದು ನಟ್ಟು, ಒಂದು ಬೋಲ್ಟು ಆಚೀಚೆ ಆಗಿದ್ದಿಲ್ಲ. ಹೀಗಿರುವಾಗ ಮಗಳ ಈಜು ತಂಡದ ಕೋಚ್ ಮೇಡಂ, "ಅಭ್ಯಾಸದ ಹೊತ್ತಿನಲ್ಲಿ ಪೋಷಕರೊಬ್ಬರು ದಡದಲ್ಲಿ ನಿಂತು ತಲೆ ಎಣಿಸಬೇಕು" ಎಂದು ಸಂದೇಶ ಕಳಿಸಿದರು. ಉಳಿದ ಅಪ್ಪ-ಅಮ್ಮಂದಿರು ಅದನ್ನು ಓದಿ ಮುಗಿಸುವುದರೊಳಗೆ ನಾನು "ನಾನಿದ್ದೇನೆ!" ಎಂದು ಘೋಷಿಸಿಬಿಟ್ಟಿದ್ದೆ.

"ನೀವಾ?" ಎಂದಳು ಹೆಂಡತಿ. "ಬಕೆಟ್ ತುಂಬಿದ್ರೆ ಬಾತ್‌ರೂಮ್ ಬಾಗಿಲಲ್ಲೇ ನಿಂತು ಮಗ್ಗು ಚಾಚೋರು ನೀವು!"

"ಎಣಿಸೋಕೆ ನೀರಿಗೆ ಇಳೀಬೇಕಾಗಿಲ್ಲ ಕಣೇ. ದಡದಲ್ಲಿ ನಿಂತ್ರೆ ಸಾಕು."

"ಮುಳುಗೋರೆಲ್ಲ ಮೊದ್ಲು ದಡದಲ್ಲೇ ನಿಂತಿರ್ತಾರೆ!"

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕಿತ್ತು.

ಸೋಂಕಿನ ಕಾಟದಿಂದ ಈಜುಕೊಳ ತಿಂಗಳುಗಟ್ಟಲೆ ಮುಚ್ಚಿತ್ತು. ಅಷ್ಟೂ ದಿನ ಮಗಳು ನಡುಮನೆಯ ಬೆಂಚಿನ ಮೇಲೆ ಬೋರಲು ಮಲಗಿ, ಕಣ್ಣಿಗೆ ಈಜುಕನ್ನಡಕ ಏರಿಸಿ, ಗಾಳಿಯಲ್ಲಿ ಕೈಕಾಲು ಬಡಿಯುತ್ತಿದ್ದಳು. ಆ ಬಡಿತಕ್ಕೆ ಒಂದು ನೀರಿನ ಜಗ್ಗು, ನನ್ನ ಓದುವ ಕನ್ನಡಕ ಎರಡೂ ಬಲಿಯಾದವು. ಈಗ ಕೊಳ ತೆರೆದಿದೆ, ಆದರೆ ಒಂದು ಷರತ್ತು: ಒಂದು ಸಲಕ್ಕೆ ಹನ್ನೆರಡು ಮಂದಿ. ಒಬ್ಬರು ಹೆಚ್ಚಾದರೂ ನಮ್ಮ ಅಭ್ಯಾಸದ ಹೊತ್ತು ಬೇರೆ ತಂಡಕ್ಕೆ! ಮುಂದಿನ ತಿಂಗಳೇ ಆಯ್ಕೆ ಸ್ಪರ್ಧೆ. ಹೊತ್ತು ಕೈತಪ್ಪಿದರೆ ಮಗಳು ಮತ್ತೆ ಬೆಂಚಿಗೆ.

"ಅಪ್ಪಾ," ದಾರಿಯಲ್ಲಿ ಮಗಳು ನನ್ನ ಕೈ ಹಿಡಿದು ಹೇಳಿದಳು, "ನೀನು ಏನೂ ಮಾಡ್ಬೇಡ. ಸುಮ್ನೆ ಎಣಿಸು. ಅಷ್ಟೇ."

ಮೂಗಿಗೆ ಎರಡು ಮಾಸ್ಕು, ಅದರ ಮೇಲೆ ಮುಖ ಮುಚ್ಚುವ ಪ್ಲಾಸ್ಟಿಕ್ ಪರದೆ ಧರಿಸಿ ಯುದ್ಧಕ್ಕೆ ಹೊರಟವನಂತೆ ಒಳಗೆ ಕಾಲಿಟ್ಟೆ. ಅಬ್ಬಾ, ಎಷ್ಟೊಂದು ನೀರು! ಟೈಲ್ಸ್ ನೆಲ ಒದ್ದೆ. ಉಸಿರಿಗೆ ಪರದೆ ಮಂಜಾಯಿತು. ಬೆನ್ನನ್ನು ಗೋಡೆಗೆ ಅಂಟಿಸಿಕೊಂಡು ಎಣಿಸಿದೆ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಹಳದಿ ಟೋಪಿ. ಒಂದು, ಎರಡು, ಮೂರು... ಒಂಬತ್ತು!

ಪರದೆ ಎತ್ತಿ, ಮಾಸ್ಕು ಸರಿಸಿ, ಕೋಚ್ ಮೇಡಂ ಕೊಟ್ಟಿದ್ದ ಸೀಟಿ ಊದಿದೆ.

"ಏನ್ ಸಾರ್?" ಎಂದರು ಕೋಚ್ ಮೇಡಂ.

"ಮೂರು ಮಕ್ಕಳು ಕಾಣ್ತಿಲ್ಲ!"

"ನೀರೊಳಗಿದಾರೆ ಸಾರ್. ನಾನು ಈಜು ಕಲಿಸ್ತಿದೀನಿ, ಮೆರವಣಿಗೆ ಮಾಡಿಸ್ತಿಲ್ಲ!"

ಮತ್ತೆ ಎಣಿಸಿದೆ, ಹದಿನಾಲ್ಕು. ಇನ್ನೊಮ್ಮೆ, ಹತ್ತು. ಗೋದಾಮಿನಲ್ಲಿ ನಟ್ಟುಗಳು ಹೀಗೆ ಮುಳುಗಿ ಏಳುವುದಿಲ್ಲ ಸ್ವಾಮಿ! ಕಡಿಮೆ ಬಂದರೆ ಯಾರದೋ ಮಗುವಿನ ಪ್ರಾಣ ಹೋಯಿತೆಂಬ ಭಯ, ಹೆಚ್ಚು ಬಂದರೆ ನನ್ನ ಮಗಳ ಈಜು ಹೋಯಿತೆಂಬ ಭಯ. ಅತ್ತ ದರಿ, ಇತ್ತ ಪುಲಿ. ನಾನು ಬೆವರಿದ್ದು ನೋಡಿದ್ದರೆ ಕೊಳಕ್ಕೆ ಬಿದ್ದು ಎದ್ದವನೆಂದೇ ಅನ್ನುತ್ತಿದ್ದರು.

ಆಗ ಹೊಳೆಯಿತು ಉಪಾಯ. ಚಪ್ಪಲಿ! ಬಾಗಿಲ ಬಳಿ ಅಂತರ ಕಾಯಲು ಬಳಿದ ಬಿಳಿ ವೃತ್ತಗಳಲ್ಲಿ ಎಲ್ಲರೂ ಚಪ್ಪಲಿ ಬಿಟ್ಟಿದ್ದರು. ಕೋಚ್ ಮೇಡಂ ಕಾಲಲ್ಲಿ ಬೂಟು. ತಲೆ ಮುಳುಗೀತು, ಚಪ್ಪಲಿ ಮುಳುಗೀತೇ? ಗರ್ವದಿಂದ ಎಣಿಸಿದೆ.

ಹದಿಮೂರು ಜೊತೆ.

ಆ ತುದಿಯಿಂದ ಎಣಿಸಿದೆ. ಹದಿಮೂರೇ! ಯಾವುದೋ ಮಗು ಕಳ್ಳತನದಲ್ಲಿ ನುಗ್ಗಿದೆ! ಅದೇ ಗಳಿಗೆಗೆ ಗಾಜಿನ ಬಾಗಿಲಾಚೆ ಈಜುಕೊಳದ ಮ್ಯಾನೇಜರ ಮುಖ ಕಾಣಿಸಿತು. ಅವರು ಒಳಗೆ ಬರುವಷ್ಟರಲ್ಲಿ ಒಂದು ಮಗುವನ್ನು ಮೇಲೆತ್ತಲೇಬೇಕು. ಪರರ ಮಕ್ಕಳನ್ನು ಎಳೆದರೆ ಜಗಳ. ತ್ಯಾಗ ಮಾಡುವುದಾದರೆ ನನ್ನ ಮಗಳನ್ನೇ!

"ಪುಟ್ಟೀ, ಮೇಲೆ ಬಾ!" ಕೂಗಿದೆ. ಕಿವಿ ನೀರೊಳಗಿದ್ದವಳಿಗೆ ಏನು ಕೇಳುತ್ತದೆ? ಗೋಡೆಗೆ ಒರಗಿಸಿದ್ದ ಉದ್ದನೆಯ ಕೋಲು ತೆಗೆದು, ಜೀವ ಬಿಗಿಹಿಡಿದು ಅಂಚಿಗೆ ಬಂದು, ಅವಳ ಭುಜಕ್ಕೆ ಮುಟ್ಟಿಸಿದೆ. ನಾನು ಕೋಲು ಕೊಡುತ್ತಿದ್ದೇನೆಂದುಕೊಂಡು ಅವಳು ಗಟ್ಟಿಯಾಗಿ ಹಿಡಿದು ಎಳೆದಳು. ಬಿಟ್ಟುಬಿಡಬಹುದಿತ್ತು. ಆದರೆ ಉಸ್ತುವಾರಿಯ ಕೈ ನೋಡಿ, ಹಿಡಿದ ಸಾಮಾನು ಬಿಟ್ಟು ಅಭ್ಯಾಸವಿಲ್ಲ!

ಧುಡುಮ್!

ನಗಬೇಡಿ. ಆ ಕ್ಷಣ ನಾನು ನಿಜಕ್ಕೂ ಸತ್ತೆನೆಂದುಕೊಂಡೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಮೂಗಿಗೆ ನೀರು ನುಗ್ಗಿತು. ಪರದೆಯೊಳಗೆ ನೀರು ತುಂಬಿತು. ಹೆಂಡತಿಗೆ ಒಂದು ಮಾತೂ ಹೇಳದೆ ಹೊರಟೆನಲ್ಲ ಎಂದು ದುಃಖ ಒತ್ತರಿಸಿತು. ತಲೆ ಒಮ್ಮೆ ಮೇಲೆ ಬಂದಾಗ ಕಂಡಿದ್ದೇನು? ಮಕ್ಕಳೆಲ್ಲ ನನ್ನ ಸುತ್ತ ವೃತ್ತ ಕಟ್ಟಿ ಆರಡಿ ದೂರದಲ್ಲೇ ತೇಲುತ್ತಿದ್ದಾರೆ!

"ಹಿಡೀರೋ!" ಎಂದು ಅರಚಿದೆ.

"ಅಂತರ ಕಾಪಾಡ್ಬೇಕು ಅಂಕಲ್!" ಎಂದು ಒಬ್ಬ ಹುಡುಗ ತೇಲುವ ಹಲಗೆಯನ್ನು ನನ್ನತ್ತ ತಳ್ಳಿದ. ಅದು ನನ್ನ ಹಣೆಗೇ ಬಡಿಯಿತು.

"ಸರ್ಕೊಳ್ಳಿ! ನಾವು ಒಂದೇ ಮನೆಯವ್ರು, ನಾನು ಮುಟ್ಬಹುದು!" ಎನ್ನುತ್ತ ಮಗಳು ನನ್ನ ಕತ್ತುಪಟ್ಟಿ ಹಿಡಿದು ದಡಕ್ಕೆ ಎಳೆದು ತಂದಳು.

ಕೆಮ್ಮುತ್ತ ಕಣ್ಣು ಬಿಟ್ಟರೆ ಎದುರಿಗೆ ಮ್ಯಾನೇಜರು.

"ಇದೇನ್ರೀ ಇದು?"

"ಹದಿ... ಹದಿಮೂರು ಜೊತೆ ಚಪ್ಪಲಿ ಸಾರ್..."

ಮಗಳು ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಬರಿಗಾಲು ನೋಡಿದಳು. "ಅಪ್ಪಾ, ಆ ಹದಿಮೂರನೇದು ಅಮ್ಮನ ಚಪ್ಪಲಿ. ಆತುರದಲ್ಲಿ ನೀನೇ ಹಾಕ್ಕೊಂಡು ಬಂದ್ಯಲ್ಲ!"

ಮಕ್ಕಳು ಕಿಸಕ್ಕನೆ ನಕ್ಕರು. ಮ್ಯಾನೇಜರು ನಗಲಿಲ್ಲ.

"ಚಪ್ಪಲಿ ಹಾಗಿರ್ಲಿ. ನಾನು ಬಂದಾಗ ನೀರಲ್ಲಿ ಹದಿಮೂರು ಜನ ಇದ್ರು. ನಿಯಮ ಅಂದ್ರೆ ನಿಯಮ. ನಾಳೆಯಿಂದ ಈ ಹೊತ್ತು ಬೇರೆ ತಂಡಕ್ಕೆ."

ನಗು ನಿಂತಿತು. ಮಗಳ ತುಟಿ ನಡುಗಿತು. ಮುಳುಗುವಾಗ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. "ತಪ್ಪು ನಂದು ಸಾರ್, ಮಕ್ಕಳಿಗೆ ಶಿಕ್ಷೆ ಬೇಡ" ಎಂದು ಕೈ ಮುಗಿದೆ. ಅವರು ಆಗದೆಂದು ತಲೆ ಅಲ್ಲಾಡಿಸಿದರು.

ಅಷ್ಟರಲ್ಲಿ ಮಗಳು ಗೋಡೆಯ ಫಲಕದತ್ತ ಬೆರಳು ತೋರಿಸಿದಳು. "ಸಾರ್, ಅಲ್ಲಿ 'ಒಂದು ಸಲಕ್ಕೆ ಹನ್ನೆರಡು ಮಂದಿ ಮಾತ್ರ ಈಜಬಹುದು' ಅಂತ ಬರ್ದಿದೆ. ನಮ್ಮಪ್ಪ ಈಜ್ಲೇ ಇಲ್ವಲ್ಲ!"

ಮ್ಯಾನೇಜರು ಫಲಕ ಓದಿದರು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಸ್ವಲ್ಪಾನೂ ಈಜ್ಲಿಲ್ವಾ?"

"ಒಂಚೂರೂ ಇಲ್ಲ ಸಾರ್!" ಹನ್ನೆರಡು ಮಕ್ಕಳು, ಕೋಚ್ ಮೇಡಂ, ಒಂದೇ ದನಿ.

"ಅವ್ರೇ ಹೇಳ್ಲಿ" ಎಂದರು ಮ್ಯಾನೇಜರು.

ಎಲ್ಲರೂ ಉಸಿರು ಬಿಗಿಹಿಡಿದು ನನ್ನತ್ತ ನೋಡಿದರು. ನಾನು ಎದ್ದು ನಿಂತೆ, ಒದ್ದೆ ಅಂಗಿ ಸರಿಪಡಿಸಿಕೊಂಡೆ, ಎದೆಯುಬ್ಬಿಸಿ ಹೇಳಿದೆ:

"ಇಲ್ಲ ಸಾರ್. ನಾನು ಬರೀ ಮುಳುಗ್ತಾ ಇದ್ದೆ!"