ದಯವಿಟ್ಟು ನಮ್ಮ ಬಚ್ಚಲಿನ ಸದ್ದನ್ನು ಹಿಂದಿರುಗಿಸಿ

‘ಮೌನಮಾರುತ’ ಬಚ್ಚಲುಮನೆ ಫ್ಯಾನು ತಯಾರಿಸುವ ಸಂಸ್ಥೆಯ ಅಧ್ಯಕ್ಷರಿಗೆ, ಇಂಚೆಯೋನ್ ನಗರದ ಬಳಕೆದಾರಳೊಬ್ಬಳ ಬಹಿರಂಗ ಪತ್ರ

ಮಾನ್ಯರೇ,

ತಾವು ಸಕುಟುಂಬ ಕ್ಷೇಮವೆಂದೂ, ತಮ್ಮ ಮನೆಯ ಬಚ್ಚಲುಗಳು ಮೂಲೆಮೂಲೆಯಲ್ಲೂ ಬೂಷ್ಟಿಲ್ಲದೆ ಒಣಗಿ ಗರಿಗರಿಯಾಗಿವೆಯೆಂದೂ ನಂಬಿ, ಸೊಂಟ ಹಿಡಿಯುವಷ್ಟು ಬಾಗಿ ವಂದಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಮ್ಮ ಫ್ಯಾನು ಕೆಟ್ಟಿದೆಯೆಂದು ದೂರುವ ಕೃತಘ್ನರ ಸಾಲಿಗೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಅದು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದಂತೆಯೇ, ಒಂದಕ್ಷರವೂ ತಪ್ಪದೆ ಕೆಲಸ ಮಾಡುತ್ತಿದೆ. ನನ್ನ ಸಂಸಾರ ಬೀದಿಗೆ ಬಂದದ್ದು ಅದರಿಂದಲೇ.

ನಾನು ಮೆಂಗ್ ಮುನ್‌ಸುನ್, ಮಾರುಕಟ್ಟೆಯಲ್ಲಿ ಪಲ್ಯ, ಕಿಮ್ಚಿ, ಒಣಮೀನಿನ ಹುರಿದ ತಿನಿಸು ಮಾರುವ ಪುಟ್ಟ ಅಂಗಡಿಯವಳು. ಮೂರನೆಯ ಮಹಡಿಯ ನಮ್ಮ ಮನೆಯಲ್ಲಿ ನಾನು, ನಗರ ಬಸ್ಸು ಓಡಿಸುವ ನನ್ನ ಗಂಡ ಗಿಲ್ತೆ, ಇಪ್ಪತ್ತು ತುಂಬಿದ ಮಗಳು ಸೊದಾಮ್ ಮತ್ತು ಎಪ್ಪತ್ತೊಂಬತ್ತರ ನಮ್ಮತ್ತೆ ಓಕ್‌ಬುನ್, ಹೀಗೆ ನಾಲ್ವರು. ಉಳಿದ ಕೋಣೆಗಳಿಗೆಲ್ಲ ತಳ್ಳುಬಾಗಿಲು, ಚಿಲಕವಿರುವುದು ಬಚ್ಚಲಿಗೊಂದೇ. ಆ ಬಚ್ಚಲಿನಲ್ಲಿ ಹತ್ತೊಂಬತ್ತು ವರ್ಷ ಒಂದು ಹಳೆಯ ಫ್ಯಾನು, ಅಕ್ಕಿ ಗಿರಣಿಯಂತೆ ಗುಡುಗುತ್ತ, ಗಾಳಿಯನ್ನು ಸ್ವಲ್ಪವೂ ಎಳೆಯದೆ ತಿರುಗುತ್ತಿತ್ತು. ಗೋಡೆಯ ತುಂಬ ಬೂಷ್ಟು ಹಬ್ಬಿದ್ದರಿಂದ, ತಮ್ಮ ಜಾಹೀರಾತನ್ನು ಕಂಡ ನನ್ನ ಗಂಡ ಹೊಸದನ್ನು ತಂದು, ತಾನೇ ಜೋಡಿಸುವೆನೆಂದು ಘೋಷಿಸಿ, ಮನೆಯ ಮೇನ್ ಸ್ವಿಚ್ ಆರಿಸಿದರು.

ಹಳೆಯ ಫ್ಯಾನು ಸಲೀಸಾಗಿ ಬಂತು, ಜೊತೆಗೆ ಕಂಬಳಿಯಷ್ಟು ದಪ್ಪದ ಧೂಳೂ ಬಂತು. ಚಾವಣಿಯ ತೂತು ಚಿಕ್ಕದಾಯಿತೆಂದು ನನ್ನ ಮೂಲಂಗಿ ಹೆಚ್ಚುವ ಚಾಕುವಿನಿಂದಲೇ ಅದನ್ನು ದೊಡ್ಡದು ಮಾಡಿದರು. ಕೊಳವೆ ಸಿಕ್ಕಿಸಿ, ತಂತಿ ಕೂಡಿಸಿ, ಜಾಲರಿ ಮುಚ್ಚಿದಾಗ ಫ್ಯಾನು ತಿರುಗಿತೇನೋ ನಿಜ, ಆದರೆ ಮರುದಿನ ಸ್ನಾನಕ್ಕೆ ಹೋದ ಅತ್ತೆಯ ನೆತ್ತಿಯ ಮೇಲೆ ಚಾವಣಿಯಿಂದ ನೀರು ತೊಟ್ಟಿಕ್ಕತೊಡಗಿತು.

“ಲೋ ಗಿಲ್ತೆ, ಫ್ಯಾನ್ ಹಾಕಿದ್ಯೋ, ಮಳೆ ಬರೋ ಯಂತ್ರ ಹಾಕಿದ್ಯೋ?” ಎಂದು ಅವರು ಒಳಗಿನಿಂದಲೇ ಕೂಗಿದರು.

ನನ್ನ ಗಂಡ ತಮ್ಮ ಸಹಾಯವಾಣಿಗೆ ಫೋನು ಮಾಡಿದರು. ಜೇನಿನಂಥ ದನಿಯ ಹುಡುಗಿಯೊಬ್ಬಳು, “ಸರ್, ಒಂದು ತೆಳು ಕಾಗದ ಜಾಲರಿಗೆ ಹಿಡೀರಿ. ಅಂಟ್ಕೊಳ್ತಾ?” ಎಂದು ಕೇಳಿದಳು.

“ಇಲ್ಲಮ್ಮ, ನನ್ನ ಮುಖದ ಮೇಲೇ ಬೀಳ್ತಾ ಇದೆ.”

“ಹಾಗಾದ್ರೆ ಕೈಪಿಡಿಯ ಏಳನೇ ಪುಟ ನೋಡಿ ಸರ್.”

ಏಳನೆಯ ಪುಟದಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಹೊರಗಾಳಿ ತಡೆಯುವ ರೆಕ್ಕೆಗೆ ಅಂಟಿಸಿರುವ ಟೇಪನ್ನು ಜೋಡಿಸುವ ಮುನ್ನ ಕಿತ್ತುಹಾಕಬೇಕೆಂದು ಬರೆದಿತ್ತು. ಮತ್ತೆ ಎಲ್ಲ ಬಿಚ್ಚಿದರು. ಟೇಪು ಹಾಗೆಯೇ ಕುಳಿತಿತ್ತು. ಕೊಳವೆಯೂ ಬಾಯಿ ಕಳಚಿಕೊಂಡು ಚಾವಣಿಯೊಳಗೆ ಬಿದ್ದಿತ್ತು, ಹಬೆಯೆಲ್ಲ ಅಲ್ಲೇ ನೀರಾಗುತ್ತಿತ್ತು. ಟೇಪು ಕಿತ್ತು, ಕೊಳವೆಯನ್ನು ಪಟ್ಟಿಯಿಂದ ಬಿಗಿದ ಮೇಲೆ ಕಾಗದ ಜಾಲರಿಗೆ ಫಟ್ಟನೆ ಅಂಟಿಕೊಂಡಿತು. ಸದ್ದು ಮಾತ್ರ ಎಲ್ಲೂ ಇಲ್ಲ. “ಓಡ್ತಾ ಇದ್ಯಾ?” ಎಂದು ನಾವು ಒಬ್ಬರನ್ನೊಬ್ಬರು ನಾಲ್ಕು ಸಲ ಕೇಳಿದೆವು. ಆ ಕ್ಷಣ ತಮ್ಮ ಎಂಜಿನಿಯರುಗಳ ಪಾದ ತೊಳೆಯಬೇಕೆನಿಸಿತ್ತು ನನಗೆ.

ಇಲ್ಲಿಂದ ಮುಂದೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ತಮ್ಮಂಥ ದೊಡ್ಡವರಲ್ಲಿ ಮುಚ್ಚಿಡುವುದು ತರವಲ್ಲ.

ಮಾನ್ಯರೇ, ಈ ಮನೆಗೆ ಬಂದ ಹತ್ತೊಂಬತ್ತು ವರ್ಷದಲ್ಲಿ ನಾನು ಅತ್ತೆಗೆ ಎದುರುತ್ತರ ಕೊಟ್ಟವಳಲ್ಲ. ಅವರು ಏನೇ ಅಂದರೂ “ಹೌದು ಅತ್ತೆ” ಎಂದು ನಕ್ಕು, ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಫ್ಯಾನು ಹಚ್ಚಿ, ಆ ಗುಡುಗಿನ ಮರೆಯಲ್ಲಿ ಕೊಡಬೇಕಾದ ಉತ್ತರವನ್ನೆಲ್ಲ ಕನ್ನಡಿಗೆ ಕೊಟ್ಟು, ಮುಖ ತೊಳೆದು ಹೊರಬರುತ್ತಿದ್ದೆ. ಹಳೆಯ ಫ್ಯಾನಿನ ಜೊತೆ ಪೈಪೋಟಿ ನಡೆಸಿ ನಡೆಸಿ, ಅಲ್ಲಿ ಕಿರುಚಿಯೇ ಮಾತಾಡುವುದು ನನಗೆ ರೂಢಿಯಾಗಿತ್ತು.

ಹೊಸ ಫ್ಯಾನು ಸರಿಹೋದ ಭಾನುವಾರ ಮಧ್ಯಾಹ್ನ ನೂಡಲ್ಸಿನ ಊಟಕ್ಕೆ ಕೂತಿದ್ದೆವು. ಪಾಲಕ್ ಪಲ್ಯವನ್ನು ಬಾಯಿಗಿಟ್ಟ ಅತ್ತೆ, “ಸೊದಾಮಳ ಅಮ್ಮಾ, ನಿನ್ನ ಅಂಗಡಿಗೆ ಬರೋರೆಲ್ಲ ಪಾಪ, ಬೇರೆ ಕಡೆ ಉಂಡೇ ಇಲ್ಲ ಅನ್ಸುತ್ತೆ,” ಎಂದರು. ನಾನು “ಹೌದು ಅತ್ತೆ” ಎಂದು ನಕ್ಕು ಎದ್ದುಹೋದೆ. ಚಿಲಕ ಹಾಕಿದೆ. ಸ್ವಿಚ್ ಒತ್ತಿದೆ. ಮೊದಲು ಅವರ ದನಿಯನ್ನೇ ಅಣಕಿಸಿದೆ: “ಸೊದಾಮಳ ಅಮ್ಮಾ, ಇದಕ್ಕೆ ಎಳ್ಳೆಣ್ಣೆ ಹಾಕಿದ್ಯೋ, ಎಳ್ಳೆಣ್ಣೆ ಹೆಸರು ಹೇಳಿದ್ಯೋ?” ಆಮೇಲೆ ನನ್ನ ಸರದಿ. “ನಿಮ್ಮ ಕೈರುಚಿ ನಂಗೊತ್ತಿಲ್ವಾ? ನಿಮ್ಮ ತಂಗಿ ಮೂರು ವರ್ಷದಿಂದ ಕಣ್ಮುಚ್ಚಿ ಹೊಗಳ್ತಾರಲ್ಲ ದೆಂಜಾಂಗ್, ಅದು ನಿಮ್ಮದಲ್ಲ! ನಾನು ಅಂಗಡಿಯಿಂದ ತಂದು ತುಂಬಿದ್ದು!”

ಸೋಯಾ ಕಾಳು ಹುದುಗಿಸಿ ಮಾಡುವ ದೆಂಜಾಂಗ್ ಎಂದರೆ ನಮ್ಮತ್ತೆಗೆ ಪ್ರಾಣ. ಮೂರು ವರ್ಷದ ಹಿಂದೆ ಅವರು ಮಂಡಿ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದಾಗ, ತಾರಸಿಯ ಮೇಲಿನ ಜಾಡಿಯ ಮುಚ್ಚಳ ಹಾಕಲು ನಾನು ಮರೆತೆ. ಮಳೆ ನುಗ್ಗಿ ಅಷ್ಟೂ ಹಾಳಾಯಿತು. ಹೇಳುವ ಧೈರ್ಯವಿಲ್ಲದೆ ಬೇರೆಯದನ್ನು ತಂದು ತುಂಬಿಸಿ, ಅಂದಿನಿಂದ ಪ್ರತಿವರ್ಷ ಗುಟ್ಟಾಗಿ ತುಂಬಿಸುತ್ತಲೇ ಬಂದಿದ್ದೆ.

ಮುಖ ತೊಳೆದು ಹೊರಬಂದರೆ ಗಂಡನ ಬಾಯಿಂದ ನೂಡಲ್ಸು ಹಾಗೆಯೇ ನೇತಾಡುತ್ತಿದೆ. ಮಗಳು ಚಾವಣಿ ನೋಡುತ್ತಿದ್ದಾಳೆ. ಅತ್ತೆ ಊಟದ ಕಡ್ಡಿಗಳನ್ನು ಕೆಳಗಿಟ್ಟಿದ್ದಾರೆ. ಅತ್ತೆ ಗೋಡೆ ಹಿಡಿದು ಎದ್ದು, ನನ್ನನ್ನು ದಾಟಿ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಫ್ಯಾನು ಹಚ್ಚಿದರು. ಒಳಗಿನಿಂದ ಮೊದಲು ಕೇಳಿಬಂದದ್ದು ಎಣ್ಣೆಯಲ್ಲಿ ಅದ್ದಿದಂಥ ನನ್ನದೇ ದನಿ: “ಹೌದು ಅತ್ತೆ, ಹೌದು ಅತ್ತೆ!” ಸೊದಾಮ್ ಕಿಸಕ್ಕನೆ ನಕ್ಕಳು. ಆಮೇಲೆ ಅತ್ತೆಯ ಸ್ವಂತ ದನಿ ಬಂತು.

“ಅರವತ್ತು ವರ್ಷ ದೆಂಜಾಂಗ್ ಮಾಡಿದೋಳಿಗೆ ಮೂಗಿಲ್ಲ ಅಂದ್ಕೊಂಡಿದ್ದಾಳೆ ಹುಚ್ಚಿ. ಮೊದಲನೇ ದಿನಾನೇ ಗೊತ್ತಾಯ್ತು ನಂಗೆ. ಈಗ ಮಾಡೋಕೆ ನನ್ನ ಕೈಲಿ ಕಸುವಿಲ್ಲ, ಬೆರಳು ಮಡಚೋಕಾಗಲ್ಲ. ಗೊತ್ತು ಅಂದ್ಬಿಟ್ರೆ ತುಂಬೋದು ನಿಲ್ಲಿಸಿಬಿಡ್ತಾಳೋ ಏನೋ ಅಂತ ಬಾಯಿ ಮುಚ್ಕೊಂಡಿದ್ದೆ.”

ನೀರು ಬಿಟ್ಟ ಸದ್ದು ಕೇಳಿಸಿತು. ಮುಖ ತೊಳೆದು ಹೊರಬಂದವರು ನನ್ನ ಕಡೆ ನೋಡದೆ, “ನೂಡಲ್ಸ್ ಉಬ್ಕೊಂಡ್ಬಿಡ್ತು. ಉಣ್ಣಿ ಎಲ್ರೂ,” ಎಂದರು. ಉಂಡೆವು. ನನ್ನ ಬಟ್ಟಲಿಗೆ ಬಿದ್ದ ಉಪ್ಪುನೀರು ಸಾರಿನದಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಈಗ ತಾವೇ ನ್ಯಾಯ ಹೇಳಬೇಕು. ತಮ್ಮ ಕೃಪೆಯಿಂದ ಗೋಡೆ ಒಣಗಿದೆ, ಬೂಷ್ಟು ಹೋಗಿದೆ, ಆದರೆ ನಮ್ಮ ಮನೆಯಲ್ಲಿ ಅವಿತುಕೊಳ್ಳಲು ಒಂದು ಅಂಗೈಯಗಲ ಜಾಗವೂ ಉಳಿದಿಲ್ಲ. ಮಗಳು ಫೋನಿನಲ್ಲಿ ಪಿಸುಗುಟ್ಟಲು ತಾರಸಿಗೆ ಓಡುತ್ತಾಳೆ. ಗಂಡ ಒಳಗೆ ಏನು ಮಾಡುವಾಗಲೂ ಕೆಮ್ಮುತ್ತಾರೆ. ಅತ್ತೆಯಂತೂ ಬಚ್ಚಲನ್ನು ಧ್ವನಿವರ್ಧಕ ಮಾಡಿಕೊಂಡು, ಮುಖಾಮುಖಿ ಹೇಳಲಾಗದ್ದನ್ನೆಲ್ಲ ಒಳಗೆ ಕೂತು ನಾಲ್ಕು ಮಹಡಿಗೂ ಪ್ರಸಾರ ಮಾಡುತ್ತಾರೆ. ಆದ್ದರಿಂದ ತಾವು ದಯಮಾಡಿ, ಸೊಸೆಗೊಂದು, ಗಂಡನಿಗೊಂದು, ಪ್ರಾಯದ ಮಗಳಿಗೊಂದು ಎಂದು ಮೂರು ಬಗೆಯ ಗದ್ದಲ ಹೊರಡಿಸುವ ಗುಂಡಿಗಳನ್ನು ಕಳುಹಿಸಿಕೊಡಬೇಕು. ಅಷ್ಟರವರೆಗೆ ತಮ್ಮ ಎಂಜಿನಿಯರರೊಬ್ಬರು ಪ್ರತಿದಿನ ನಮ್ಮ ಬಚ್ಚಲಿನ ಹೊರಗೆ ನಿಂತು ಬಾಯಲ್ಲೇ ಗಿರಣಿಯ ಸದ್ದು ಮಾಡಬೇಕು.

ಇನ್ನೊಂದನ್ನು ಹೇಳದಿದ್ದರೆ ಅಪ್ರಾಮಾಣಿಕಳಾಗುತ್ತೇನೆ. ಕಳೆದ ವಾರ ನಾನೂ ಅತ್ತೆಯೂ ತಾರಸಿಯ ಮೇಲೆ ಹೊಸ ದೆಂಜಾಂಗಿಗೆ ಉಪ್ಪುನೀರು ಕದಡಿದೆವು. ಅವರು ಮಣೆಯ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದರು, ನಾನು ಕಲಕುತ್ತಿದ್ದೆ. ಉಪ್ಪಿನ ಹದ ನೋಡಲು ಬಿಟ್ಟ ಮೊಟ್ಟೆ, ಸಾಕೆಂಬಂತೆ ತೇಲಿದರೂ ಅವರು “ಇನ್ನೊಂದು ಬೊಗಸೆ ಹಾಕು” ಎಂದರು. ಬಚ್ಚಲು ಎರಡು ಮಹಡಿ ಕೆಳಗಿತ್ತು.

“ಬೇಡ ಅತ್ತೆ, ಸಾಕು,” ಎಂದೆ, ಅವರ ಮುಖ ನೋಡಿಯೇ.

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಉಪ್ಪಿನ ಚೀಲದ ಬಾಯಿ ಕಟ್ಟಿ, “ಮುಚ್ಚಳ ಹಾಕೋಕೆ ಮರೀಬೇಡ,” ಎಂದರು.

ಇಷ್ಟೆಲ್ಲ ಆದಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಹೆಣಗುತ್ತಿರುವ,
ಮೆಂಗ್ ಮುನ್‌ಸುನ್

ತಾ.ಕ.: ನಾಲ್ಕನೆಯ ಮಹಡಿಯ ಹಿರಿಯಾಕೆ ನಮ್ಮ ಫ್ಯಾನನ್ನು ಮೆಚ್ಚಿ, ಇಂಥದೇ ಒಂದನ್ನು ತರಿಸಿದ್ದಾರೆ, ಗುರುವಾರ ಜೋಡಿಸುತ್ತಾರಂತೆ. ಅವರ ಸೊಸೆ ಬಲು ಮಿತಭಾಷಿ, ಸ್ನಾನಕ್ಕೆ ಹೋದರೆ ಮಾತ್ರ ಒಂದು ಗಂಟೆ. ಶುಕ್ರವಾರ ತಮ್ಮ ಸಹಾಯವಾಣಿಯಲ್ಲಿ ಆ ಜೇನುದನಿಯ ಹುಡುಗಿಗೆ ರಜೆ ಕೊಟ್ಟು, ಕಿವಿ ಗಟ್ಟಿಯಿರುವವರನ್ನು ಕೂರಿಸಬೇಕೆಂದು ವಿನಂತಿ.