ಹುಷಾರು ಹೇಳುವ ಕುರ್ಚಿ

“ಕೂತು ಎದ್ದರೆ ಸಾಕು! ಮುಪ್ಪಿನ ನಿತ್ರಾಣ ಎಷ್ಟಿದೆ ಅಂತ ಕುರ್ಚಿಯೇ ಹೇಳುತ್ತೆ!”

ಮೈಸೂರಿನ ಹಿರಿಯರ ಸಂಘದ ಹಾಲಿನಲ್ಲಿ ಅಂದು ಶೇಷಗಿರಿಯವರ ಎದೆ ಎರಡು ಗೇಣು ಉಬ್ಬಿತ್ತು. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಅವರು ಕಟ್ಟಿದ ಒಂಬತ್ತನೆಯ ಯಂತ್ರ ಅದು. ಹಿಂದಿನ ಎಂಟರ ಮಾತು ಬೇಡ, ಎಲ್ಲವೂ ಅಟ್ಟ ಸೇರಿವೆ! ಈ ಕುರ್ಚಿ ಗಟ್ಟಿಮುಟ್ಟಾದವರನ್ನು ಶೇಷಗಿರಿಯವರದೇ ದನಿಯಲ್ಲಿ ಹೊಗಳುವಂಥದ್ದು. ನಿತ್ರಾಣರಾದವರನ್ನು ರಬ್ಬರ್ ಕೈಗಳಿಂದ ಹಿಡಿದು ಎಬ್ಬಿಸಿ, ಬಿದ್ದಾರೆಂದು ಚಕ್ರದ ಮೇಲೆ ಹಿಂದೆಯೇ ಉರುಳುವಂಥದ್ದು. ಡಾಕ್ಟರ್ ರೇವತಿ ಇಪ್ಪತ್ತು ಹಿರಿಯರನ್ನು ಮೊದಲೇ ಪರೀಕ್ಷಿಸಿ ಚೀಟಿ ಬರೆದಿಟ್ಟಿದ್ದರು. ಚೀಟಿಗೂ ಕುರ್ಚಿಯ ಮಾತಿಗೂ ತಾಳೆಯಾದರೆ ಯಂತ್ರ ಪಾಸು.

ಮೊದಲು ಬಂದವರು ಪೈಲ್ವಾನ್ ಚಿಕ್ಕಮಾದಯ್ಯ. ಎಪ್ಪತ್ತೆಂಟಾದರೂ ದಿನಾ ಗರಡಿಗೆ ಹೋಗುವ ಆಸಾಮಿ. ಕೂತರು, ಚಂಗನೆ ಎದ್ದರು. ಕುರ್ಚಿ ಗಾಬರಿಯಿಂದ ಅವರ ಸೊಂಟ ತಬ್ಬಿಕೊಂಡಿತು!

“ಹುಷಾರು! ಹುಷಾರು!”

“ಬುಡ್ಲಾ! ಯಾರಿಗ್ಲಾ ಹುಷಾರು ಅಂತೀಯ?”

ಇಬ್ಬರು ಸೇರಿ ಬಿಡಿಸಬೇಕಾಯಿತು. ಆಮೇಲೆ ಕೋಲಿಲ್ಲದೆ ನಿಲ್ಲಲಾಗದ ರಾಜಮ್ಮನವರು ಕೂತರು. ಮಂಡಿಗೆ ಕೈಯೂರಿ, “ಅಯ್ಯೋ ರಾಮ” ಎನ್ನುತ್ತಾ ಮೂರನೆಯ ಸಲಕ್ಕೆ ಎದ್ದರು.

“ಗಟ್ಟಿ! ಇನ್ನೂ ಹತ್ತು ಜನಕ್ಕೆ ಅಡುಗೆ ಮಾಡಬಹುದು!” ಎಂದಿತು ಕುರ್ಚಿ.

ಹಾಲಿಗೆ ಹಾಲೇ ನಕ್ಕಿತು. ಮುಂದಿನ ಆರು ಜನರಿಗೂ ಇದೇ ಕತೆ.

“ಸರ್, ಎಲ್ಲಾ ಉಲ್ಟಾ ಹೇಳ್ತಿದೆಯಲ್ಲ!” ಎಂದರು ಡಾಕ್ಟರು. “ಗಟ್ಟಿ ಅಂದ್ರೆ ಹೇಗಿರ್ತಾರೆ ಅಂತ ಕುರ್ಚಿಗೆ ಕಲಿಸೋಕೆ ಯಾರನ್ನ ಕೂರಿಸಿದ್ರಿ?”

“ನಮ್ಮನೆಯವಳನ್ನೇ! ಅವಳಿಗೇನು, ಬಂಡೆ! ಒಂದು ದಿನಾನೂ ಮಲಗಿದ್ದು ಕಂಡಿಲ್ಲ ನಾನು. ವಾರವಿಡೀ ಕೂರಿಸಿ ಎಬ್ಬಿಸಿದೀನಿ.”

ಎಲ್ಲರಿಗೂ ಕಾಫಿ ಹಂಚಿ, ಮೂಲೆಯ ಬೆಂಚಿನಲ್ಲಿ ಆಗಷ್ಟೇ ಕೂತಿದ್ದರು ಅವರ ಹೆಂಡತಿ ಅಂಬುಜಮ್ಮ. ಡಾಕ್ಟರು ಕರೆದಾಗ ಮಂಡಿಗೆ ಕೈಯೂರಿದರು. ಆಗಲಿಲ್ಲ. ಮತ್ತೊಮ್ಮೆ ಊರಿದರು. “ಅಯ್ಯೋ ರಾಮ” ಎನ್ನುತ್ತಾ ಮೂರನೆಯ ಸಲಕ್ಕೆ ಎದ್ದರು.

ಈ ಸಲ ಯಾರೂ ನಗಲಿಲ್ಲ. ಶೇಷಗಿರಿಯವರು ವಾರವಿಡೀ ಎದುರಿಗೇ ಕೂತು ಸೆಕೆಂಡು ಬರೆದುಕೊಂಡಿದ್ದರು, ಮುಖ ನೋಡಿರಲಿಲ್ಲ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಅಂಬುಜಾ, ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ರಾ?”

ಅಷ್ಟರಲ್ಲಿ ಪೈಲ್ವಾನರು ಕುರ್ಚಿಗೆ ಬುದ್ಧಿ ಕಲಿಸಲು ಅದರೆದುರೇ ಬಸ್ಕಿ ಹೊಡೆಯತೊಡಗಿದರು. ಕುರ್ಚಿಗೆ ಜೀವವೇ ಹಾರಿಹೋಯಿತು! ಕೈ ಚಾಚಿ ಅಟ್ಟಿಸಿಕೊಂಡು ಹೊರಟಿತು. ಅವರು ಜೋರಾಗಿ ಓಡಿದಷ್ಟೂ ಅದಕ್ಕೆ ಕಳವಳ ಹೆಚ್ಚು. ಹಾಲನ್ನು ಮೂರು ಸುತ್ತು ಹಾಕಿದರು. ದಾರಿ ಬಿಡಲು ಸರಿದ ಅಂಬುಜಮ್ಮ ಮುಗ್ಗರಿಸಿದರು. ಶೇಷಗಿರಿ ಓಡಿ ಬಂದು ಹಿಡಿದುಕೊಂಡರು. ಕುರ್ಚಿ ಮಾತ್ರ ಪಕ್ಕದಲ್ಲೇ ಸಾಗುತ್ತಾ ಶೇಷಗಿರಿಯವರದೇ ದನಿಯಲ್ಲಿ ಕೂಗಿತು:

“ಗಟ್ಟಿ! ಇನ್ನೂ ಹತ್ತು ಜನಕ್ಕೆ ಅಡುಗೆ ಮಾಡಬಹುದು!”

ದಿನಾ ಮನೆಯಲ್ಲಿ ತಾವಾಡುವ ಮಾತನ್ನು ಇಡೀ ಸಂಘದ ಮುಂದೆ ಕೇಳಿ ಶೇಷಗಿರಿ ತಲೆ ತಗ್ಗಿಸಿದರು. ಹೋಗಿ ಬ್ಯಾಟರಿ ಕಿತ್ತರು. “ದರಿದ್ರದ್ದು!”

“ಅದನ್ನ್ಯಾಕೆ ಬೈತೀರಿ? ನಿಮ್ಮ ಹತ್ರ ಕಲಿತಿದ್ದನ್ನೇ ಹೇಳ್ತು,” ಎನ್ನುತ್ತಾ ಅಂಬುಜಮ್ಮ ಬೆಂಚಿನಲ್ಲಿ ಕೂತರು. “ಈಗ ಆ ಕಾಫಿ ಲೋಟ ಎತ್ತಿ ತೊಳೀರಿ. ಇಪ್ಪತ್ತಿವೆ.”