ಹಿಂದಕ್ಕೆ ಚೆಂಡೆಸೆಯುವವನಿಗೆ ‘ಡಿ’ ಕೊಟ್ಟ ಮಹನೀಯರಿಗೆ

ಕ್ರೀಡಾ ಅಂಕಣಕಾರರಾದ ಮಾನ್ಯ ಡೆಲ್ಬರ್ಟ್ ಫಾಸ್ನಾಕ್ಟ್ ಅವರ ಸನ್ನಿಧಾನಕ್ಕೆ, ಲ್ಯಾಂಕಾಸ್ಟರ್ ಕೌಂಟಿಯ ಮೊಟ್ಟೆ ವಿಂಗಡಿಸುವ ಶೆಡ್ಡಿನಿಂದ, ಕೈಗವಸು ಕಳಚಿಟ್ಟು ಮಾಡುವ ನಮಸ್ಕಾರಗಳು.

ಮಾನ್ಯರೇ,

ನಮ್ಮ ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಶನಿವಾರ ಸಂಜೆ ಮುಗಿಯಿತು. ಆಯ್ಕೆಯಾದವರಲ್ಲಿ ಒಬ್ಬನೂ ಹೊಸ ತಂಡದ ಬೂಟಿಗೆ ಲೇಸು ಕಟ್ಟುವ ಮೊದಲೇ, ಭಾನುವಾರ ಬೆಳಗಿನ ಪತ್ರಿಕೆಯಲ್ಲಿ ತಾವು ಉತ್ತರ ವಿಭಾಗದ ನಾಲ್ಕೂ ತಂಡಗಳನ್ನು ತೂಗಿ ನೋಡಿ, ಮೂರಕ್ಕೆ ಎ, ಎ, ಬಿ ಎಂದೂ ನಮ್ಮ ತಂಡಕ್ಕೆ ಡಿ ಎಂದೂ ದರ್ಜೆ ದಯಪಾಲಿಸಿದ ವೇಗವನ್ನು ಕಂಡು ನಾನು ಕಾಫಿ ಕುಡಿಯುವುದನ್ನೇ ಮರೆತೆ.

ನಾನೂ ದರ್ಜೆ ಕೊಡುವವಳೇ. ಇಪ್ಪತ್ತಾರು ವರ್ಷಗಳಿಂದ ಒಂದೊಂದು ಮೊಟ್ಟೆಯನ್ನೂ ದೀಪಕ್ಕೆ ಹಿಡಿದು, ಬಿರುಕಿದೆಯೇ, ರಕ್ತದ ಚುಕ್ಕೆ ಇದೆಯೇ ಎಂದು ನೋಡಿ, ಆಮೇಲಷ್ಟೇ ಎ ಅಥವಾ ಬಿ ಎನ್ನುವ ಮಂದಬುದ್ಧಿ ನನ್ನದು. ಕೋಳಿ ಇನ್ನೂ ಇಡದ ಮೊಟ್ಟೆಗೆ ದರ್ಜೆ ಕೊಡಬಹುದೆಂದು ತಮ್ಮಿಂದ ಈಗ ಕಲಿತೆ. ದಯಮಾಡಿ ಒಮ್ಮೆ ನಮ್ಮ ಶೆಡ್ಡಿಗೆ ಚಿತ್ತೈಸಬೇಕು. ತಾವು ಗೂಡಿನ ಬಳಿ ನಿಂತು ಕೋಳಿಯ ನಡಿಗೆ ನೋಡಿ ದರ್ಜೆ ಘೋಷಿಸುತ್ತಾ ಹೋದರೆ, ನಾವು ಹದಿನಾಲ್ಕು ಹೆಂಗಸರೂ ದೀಪ ಆರಿಸಿ ಮನೆಗೆ ಹೋಗಿ ಕಾಲು ಚಾಚಿ ಕೂರುತ್ತೇವೆ.

ಡಿ ಕೊಟ್ಟದ್ದಕ್ಕೆ ಕಾರಣವನ್ನೂ ತಾವು ಉದಾರವಾಗಿ ಬರೆದಿದ್ದೀರಿ: ಬಗ್ಗಿ ನಿಂತು, ಕಾಲುಗಳ ನಡುವಿನಿಂದ ಚೆಂಡನ್ನು ಹದಿನೈದು ಗಜ ಹಿಂದಕ್ಕೆ, ಒದೆಯುವವನ ಕೈಗೆ ಎಸೆಯುವುದೊಂದೇ ಕೆಲಸವಾಗಿರುವ ಹುಡುಗನನ್ನು ಕಟ್ಟಕಡೆಯ ಏಳನೆಯ ಸುತ್ತಿನಲ್ಲಿ ಆರಿಸಿ, ಒಂದು ಸರದಿಯನ್ನು ಕಸದ ಬುಟ್ಟಿಗೆ ಹಾಕಿದರಂತೆ. ಆ ಕಸವನ್ನು ಹೆತ್ತವಳು ನಾನು.

ಮೂರು ದಿನ ನಮ್ಮ ಮನೆಯಲ್ಲಿ ನೆಂಟರೆಲ್ಲ ಸೇರಿ, ಎರಡು ದೊಡ್ಡ ಪಾತ್ರೆ ಕೋಳಿ-ಜೋಳದ ಸೂಪು ಖಾಲಿ ಮಾಡಿ, ಮೇಜಿನ ಮೇಲಿದ್ದ ಮಗನ ಫೋನನ್ನೇ ದಿಟ್ಟಿಸುತ್ತಿದ್ದೆವು. ಕೊನೆಗೆ ಅದು ಹೊಡೆದುಕೊಂಡಾಗ ಮಗ ಬಚ್ಚಲಿನಲ್ಲಿದ್ದ. ನನ್ನ ಯಜಮಾನರಾದ ಎಲ್ವುಡ್ ಅದನ್ನೆತ್ತಿ, ದಿನಾ ಫೋನಿನಲ್ಲಿ ಕಾಡುವ ವಾರಂಟಿ ಮಾರುವವನೆಂದುಕೊಂಡು, “ನಮ್ಮ ಕಾರಿಗೆ ಯಾವ ವಾರಂಟಿನೂ ಬೇಡ ಕಣಯ್ಯಾ, ಇಡು ಫೋನು!” ಎಂದು ಗದರಿ ಕಟ್ ಮಾಡಿದರು. ನಾದಿನಿ ಅರ್ಲೀನ್ ನಂಬರು ನೋಡಿ, “ಅಯ್ಯೋ ಅಣ್ಣಾ, ಅದು ತಂಡದೋರು ಕಣೋ! ನಿನ್ ಬಾಯಿಗಿಷ್ಟು ಬೆಂಕಿ ಹಾಕ!” ಎಂದು ಕಿರುಚಿದಳು. ಪುಣ್ಯಕ್ಕೆ ಅವರು ಮತ್ತೆ ಮಾಡಿದರು. ಹಾಗೆ ನೋಡಿದರೆ ತಮ್ಮ ತೀರ್ಪಿಗೆ ಮೊದಲೇ ಈ ಆಯ್ಕೆಯನ್ನು ತಿರಸ್ಕರಿಸಿದ ಕೀರ್ತಿ ನನ್ನ ಗಂಡನಿಗೇ ಸಲ್ಲಬೇಕು.

ಆದರೆ ಎಲ್ವುಡ್ ಹನ್ನೆರಡು ವರ್ಷ ಹಿತ್ತಲಿನಲ್ಲಿ ಮೊಣಕಾಲೂರಿ ಕೂತು ಆ ಚೆಂಡುಗಳನ್ನು ಹಿಡಿದವರು. ಅವರ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು. ಒಂದು ತಂಡದಲ್ಲಿ ಇಂಥವನಿಗಿರುವುದು ಒಂದೇ ಜಾಗ, ಅದರಲ್ಲಿ ಮೂವತ್ತಾರರ ಅನುಭವಿಯೊಬ್ಬ ಕೂತಿದ್ದಾನೆ; ಆಗಸ್ಟಿನಲ್ಲಿ ಇಬ್ಬರಲ್ಲೊಬ್ಬ ಗಂಟುಮೂಟೆ ಕಟ್ಟಬೇಕು. ಆ ಭಾನುವಾರ ತಮ್ಮ ಅಂಕಣ ಓದಿದ ಮಗ ತಟ್ಟೆ ಸರಿಸಿ, “ಅಮ್ಮಾ, ಅವ್ರು ಬರ್ದಿರೋದು ಸರಿಯೇನೋ. ನನ್ ಬದ್ಲು ಓಡೋ ಹುಡುಗನ್ನ ತಗೋಬೋದಿತ್ತು” ಎಂದ. ಸಂಜೆ ಹಿತ್ತಲಿನಲ್ಲಿ ಎಸೆದ ಹತ್ತರಲ್ಲಿ ನಾಲ್ಕು ಅವನಪ್ಪನ ತಲೆಯ ಮೇಲೆ ಹಾರಿಹೋದವು. “ಬಿಡೋ ಮಗಾ, ಇವತ್ತು ಗಾಳಿ ಜಾಸ್ತಿ” ಎಂದರು ಎಲ್ವುಡ್. ಅಂದು ಹಿತ್ತಲಿನ ಮೇಪಲ್ ಮರದಲ್ಲಿ ಒಂದೆಲೆಯೂ ಅಲುಗಾಡುತ್ತಿರಲಿಲ್ಲ. ನನಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು, ಅದಾದ ಮೇಲೆ ಈ ಕಾಗದ ತೆಗೆದುಕೊಂಡೆ.

ಡಿ ಅಳಿಸಿ ಎ ಮಾಡಿರೆಂದು ಕೇಳುತ್ತಿದ್ದೇನೆಂದು ತಾವು ಭಾವಿಸಬಾರದು. ನನ್ನ ಮಗನ ಕಸುಬು ತಮಗೆ ತಿಳಿಯದ್ದೇನಲ್ಲ. ನೂರು ಸಲ ಸರಿಯಾಗಿ ಎಸೆದರೆ ಎಸೆದವನಾರೆಂದು ಯಾರೂ ಕೇಳುವುದಿಲ್ಲ, ಚಪ್ಪಾಳೆಯೆಲ್ಲ ಒದ್ದವನಿಗೆ. ಒಂದೇ ಒಂದು ಸಲ ಕೈ ತಪ್ಪಿದರೆ ಮರುದಿನ ದೇಶದ ಪ್ರತಿ ಟೀವಿಯಲ್ಲೂ ಅವನ ಹೆಸರು. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ತಾವು ಅವನನ್ನು ದಯಮಾಡಿ ಮರೆತುಬಿಡಬೇಕು. ಇನ್ನು ಹನ್ನೆರಡು ವರ್ಷ ತಮ್ಮ ಲೇಖನಿಯಿಂದ ಅವನ ಹೆಸರು ಉದುರದಿರಲಿ. ಅವನ್ಯಾರೆಂದು ತಮ್ಮಂಥ ಜ್ಞಾನಿಗಳಿಗೆ ಗೊತ್ತೇ ಆಗದಂತೆ ಅವನು ಆಡಿ, ವಯಸ್ಸಾಗಿ, ಮನೆಗೆ ಬರಲಿ. ಹೆತ್ತವಳಿಗೆ ಅದಕ್ಕಿಂತ ದೊಡ್ಡ ದರ್ಜೆ ಬೇಕಿಲ್ಲ.

ಇಂತು, ದೀಪಕ್ಕೆ ಹಿಡಿದು ನೋಡಿದ ಮೇಲೆಯೇ ವಿಶ್ವಾಸವಿಡುವ
ತಮ್ಮ ವಿಶ್ವಾಸಿ,
ಒಬ್ಬ ತಾಯಿ

ತಾ.ಕ.: ಈ ಪತ್ರದಲ್ಲಿ ಮಗನ ಹೆಸರು ಎಲ್ಲೂ ಇಲ್ಲದಿರುವುದನ್ನು ತಾವು ಗಮನಿಸಿರಬಹುದು. ತಮ್ಮ ಹೆಸರನ್ನು ಮಾತ್ರ ಮೊದಲ ಸಾಲಿನಲ್ಲೇ ಪೂರ್ತಿಯಾಗಿ ಬರೆದಿದ್ದೇನೆ. ಕೈ ತಪ್ಪಿದವರ ಹೆಸರು ತಾನೇ ಪತ್ರಿಕೆಯಲ್ಲಿ ಬರಬೇಕಾದದ್ದು.